ಕರಗಿಸದೆ ಬೆಸೆಯುವ ಉಕ್ಕು

ಚಿತ್ರದುರ್ಗದ ಕಡೆ ಬೋರ್‌ವೆಲ್ ಲಾರಿ ನೋಡದವರಿಲ್ಲ. ಕಳೆದ ಬೇಸಿಗೆ ನಮ್ಮ ಹೊಲಕ್ಕೆ ಬಂದ ಲಾರಿಯ ರಾಡೊಂದನ್ನು ಹತ್ತಿರದಿಂದ ನೋಡಿದೆ. ಉದ್ದನೆಯ ಪೈಪು, ತುದಿಯಲ್ಲಿ ಥ್ರೆಡ್ ಕೊರೆದ ದಪ್ಪ ತುಂಡು. ಎರಡೂ ಸೇರಿದ ಜಾಗದಲ್ಲಿ ಬೆರಳಾಡಿಸಿದರೆ ಏನೂ ತಿಳಿಯಲಿಲ್ಲ. ಟಾರ್ಚ್ ಹಿಡಿದು ಒಳಗೆ ಇಣುಕಿದಾಗ ಕಂಡಿತು, ಮಡಚಿದ ತುಟಿಯಂಥ ಒಂದು ಉಂಗುರ.

ವೆಲ್ಡಿಂಗ್ ಅಂದ್ರೆ ಲೋಹ ಕರಗಿಸಿ ಅಂಟಿಸೋದು ಅಂತಲೇ ಬಹಳ ಜನ ನಂಬಿದ್ದಾರೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಈ ರಾಡನ್ನು ಬೆಸೆದದ್ದು ಉಜ್ಜಾಟದ ಬಿಸಿಯಿಂದ, ಅಂದ್ರೆ ಘರ್ಷಣೆ ಬೆಸುಗೆಯಿಂದ (ಫ್ರಿಕ್ಷನ್ ವೆಲ್ಡಿಂಗ್). ಇಲ್ಲಿ ಅಷ್ಟು ಕಾಯಿಸುವುದೇ ಇಲ್ಲ. ಒಂದು ತುಂಡನ್ನು ಗರಗರ ತಿರುಗಿಸಿ ಇನ್ನೊಂದನ್ನು ಅದರ ಮುಖಕ್ಕೆ ಒತ್ತುತ್ತಾರೆ. ಉಜ್ಜಾಟಕ್ಕೆ ಮುಖಗಳು ಕಾದು ಮೆತ್ತಗಾದ ಕೂಡಲೇ ತಿರುಗುವುದನ್ನು ನಿಲ್ಲಿಸಿ, ಇನ್ನೂ ಜೋರಾಗಿ ಒತ್ತಿ ಹಿಡಿಯುತ್ತಾರೆ. ಅಷ್ಟೇ.

ಹಾಗಾದರೆ ಸುಮ್ನೆ ಒತ್ತಿದರೆ ಯಾಕೆ ಕೂಡುವುದಿಲ್ಲ? ಒಣಹಿಟ್ಟು ಮೆತ್ತಿದ ಎರಡು ಚಪಾತಿ ಉಂಡೆ ಒತ್ತಿ ನೋಡಿ. ಸರಿಯಾಗಿ ಕೂಡುವುದಿಲ್ಲ. ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ಹಿಸುಕಿದರೆ ಒಂದೇ ಉಂಡೆ, ಅಲ್ವಾ? ಗಾಳಿಗೆ ಸಿಕ್ಕ ಉಕ್ಕಿನ ಮೇಲೂ ಅಂಥದೇ ಪೊರೆ ಇರುತ್ತದೆ, ಆಕ್ಸೈಡಿನದು. ಉಜ್ಜಾಟ ಅದನ್ನು ಒಡೆಯುತ್ತದೆ, ಒತ್ತಡ ಆ ಕಸವನ್ನು ಮೆತ್ತಗಿನ ಲೋಹದ ಜೊತೆ ಅಂಚಿಗೆ ತಳ್ಳುತ್ತದೆ. ನಾನು ಕಂಡ ತುಟಿ ಅದೇ. ಕೊನೆಗೆ ಉಳಿಯುವುದು ಶುದ್ಧ ಲೋಹಕ್ಕೆ ಶುದ್ಧ ಲೋಹ. ಪರಮಾಣುಗಳಿಗೆ ಆಚೆ ತುಂಡು, ಈಚೆ ತುಂಡು ಎಂಬ ಭೇದ ಇಲ್ಲ.

ಬಿಸಿ ಹೆಚ್ಚಿ ಕರಗಿಬಿಟ್ಟರೆ? ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಲೋಹ ಮೆತ್ತಗಾದಷ್ಟೂ ಅದರ ಹಿಡಿತ ಸಡಿಲವಾಗುತ್ತದೆ, ಹುಟ್ಟುವ ಬಿಸಿಯೂ ಕಡಿಮೆಯಾಗುತ್ತದೆ. ಟಾರು ರಸ್ತೆಯಲ್ಲಿ ಕಿರುಚುವ ಟೈರು ಕೆಸರಲ್ಲಿ ಸುಮ್ಮನೆ ಜಾರುವ ಹಾಗೆ. ತನ್ನ ಉರಿಯನ್ನು ತಾನೇ ತಗ್ಗಿಸಿಕೊಳ್ಳುವ ಒಲೆ!

1724ರಲ್ಲೇ ದೆಸಾಗುಲಿಯೆ ಎಂಬಾತ ಎರಡು ಸೀಸದ ಗುಂಡುಗಳನ್ನು ಒತ್ತಿ ತಿರುಚಿ ಅಂಟಿಸಿ ತೋರಿಸಿದ್ದ. 1956ರಲ್ಲಿ ಸೋವಿಯತ್ ಕೆಲಸಗಾರ ಚುದಿಕೋವ್ ಲೇತ್ ಮೇಲೆ ಉಕ್ಕನ್ನೇ ಬೆಸೆದ. ನಮ್ಮ ಕಮ್ಮಾರರು ಗಾಡಿ ಚಕ್ರದ ಪಟ್ಟಿಯ ಎರಡು ತುದಿ ಕೂಡಿಸುತ್ತಿದ್ದುದೂ ಇದೇ ಜಾತಿಯ ಕೆಲಸ: ಕುಲುಮೆಯಲ್ಲಿ ಕಾಯಿಸು, ಬಡಿ, ಕಸ ಹಾರಲಿ, ಕೂಡಲಿ.

ಪಕ್ಕದ ಹೊಲದಲ್ಲಿ ಎಲೆಕ್ಟ್ರೋಡ್ ಕಡ್ಡಿ ಕರಗಿಸಿ ರಿಪೇರಿ ಮಾಡಿದ ರಾಡೊಂದು ಬೆಸುಗೆಯ ಅಂಚಿಗೇ ತುಂಡಾಯಿತು. "ಜಾಗ ಸರಿ ಇಲ್ಲ" ಅಂದರು, ತೆಂಗಿನಕಾಯಿ ಒಡೆದರು. ಗಟ್ಟಿ ಉಕ್ಕಿನಲ್ಲಿ ಬೆಸುಗೆಯ ಪಕ್ಕದ ಭಾಗ ಬೇಗ ತಣಿದರೆ ಪೆಡಸಾಗುತ್ತದೆ. ಘರ್ಷಣೆಯಿಂದ ಬೆಸೆದ ರಾಡನ್ನೂ ಅದಕ್ಕೇ ಮತ್ತೆ ಕಾಯಿಸಿ ಹದ ಮಾಡುವುದು. ಮುರಿದ ಆ ತುಂಡು ಈಗಲೂ ಬೋರಿನೊಳಗೇ ಇದೆ.