ಒಮ್ಮೆ ಬಿತ್ತಿದರೆ ಸಾಕು, ಆಮೇಲೆ ಎಣಿಸುವುದೇ ಕೆಲಸ

ಸಾಗರ ಕಡೆಯ ಹಿರಿಯರೊಬ್ಬರು ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮಗಳ ಮನೆಗೆ ಬಂದಿದ್ದರು. ದೊಡ್ಡಪತ್ರೆ ತಂಬುಳಿ ಇಲ್ಲದೆ ಅವರಿಗೆ ಬೇಸಿಗೆ ಸಾಗದು. ದೊಡ್ಡಪತ್ರೆಗೆ ಇಂಗ್ಲಿಷಿನಲ್ಲಿ ‘ಇಂಡಿಯನ್ ಬೋರೇಜ್’ ಎಂಬ ಹೆಸರೂ ಉಂಟು. ಅದನ್ನು ನಂಬಿ ಮಗಳು ಅಂಗಡಿಯಿಂದ ಬೋರೇಜ್ ಬೀಜದ ಪೊಟ್ಟಣ ತಂದುಕೊಟ್ಟಳು. ಜೂನ್ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, “ಇದೆಂಥ ದೊಡ್ಡಪತ್ರೆ ಮಾರಾಯರೇ, ಮುಟ್ಟಿದರೆ ಚುಚ್ಚುತ್ತದೆ!” ಎಂದರು.

ಹೆಸರೊಂದನ್ನು ಬಿಟ್ಟರೆ ಇವೆರಡಕ್ಕೂ ನಂಟಿಲ್ಲ. ದೊಡ್ಡಪತ್ರೆ ತುಳಸಿಯ ಕುಟುಂಬದ್ದು, ಕಡ್ಡಿ ನೆಟ್ಟರೆ ಚಿಗುರುತ್ತದೆ. ಬೋರೇಜ್ ಮೆಡಿಟರೇನಿಯನ್ ಸೀಮೆಯ ಒಂದು ವರ್ಷದ ಗಿಡ. ಎರಡು ಮೂರು ಅಡಿ ಬೆಳೆಯುತ್ತದೆ. ದಂಟು ಟೊಳ್ಳು, ಮೈಯೆಲ್ಲ ಕುಂಬಳದ ಬಳ್ಳಿಯ ಹಾಗೆ ಸುಣೆ. ಹೂಗೊಂಚಲು ಚೇಳಿನ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದು, ಬಿಚ್ಚಿಕೊಳ್ಳುತ್ತಾ ಹೋದ ಹಾಗೆ ಒಂದೊಂದೇ ಹೂವು ಅರಳುತ್ತದೆ. ಐದು ಮೂಲೆಯ ನಕ್ಷತ್ರ. ಮೊಗ್ಗಿನಲ್ಲಿ ಗುಲಾಬಿಯ ಛಾಯೆ, ಅರಳಿದ ಮೇಲೆ ಅಪ್ಪಟ ನೀಲಿ. ಅಷ್ಟು ನಿಚ್ಚಳವಾದ ನೀಲಿ ಹೂತೋಟದಲ್ಲಿ ಅಪರೂಪ.

ಮರುವರ್ಷ ಏಪ್ರಿಲ್‌ನಲ್ಲಿ ಆ ಮನೆಯಿಂದ ಮತ್ತೆ ಫೋನ್ ಬಂತು. ಯಾರೂ ಬಿತ್ತಿರಲಿಲ್ಲ, ಆದರೂ ಪಾತಿಯ ತುಂಬ ಬೋರೇಜ್ ಸಸಿ. ಈ ಗಿಡ ಸಾಕಿದ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಹೂವು ಮುಗಿದ ಕೂಡಲೇ ಕಿತ್ತಿದ್ದೆವಲ್ಲ, ಇಷ್ಟು ಬೀಜ ಎಲ್ಲಿಂದ ಬಂತು?

ಕೀಳಲು ಕಾದದ್ದೇ ತಪ್ಪು. ಜುಲೈನಲ್ಲಿ ಗೊಂಚಲೊಂದನ್ನು ಮೆಲ್ಲಗೆ ಎತ್ತಿ ನೋಡಿ. ತುದಿಯಲ್ಲಿ ಮೊಗ್ಗು, ಅದರ ಕೆಳಗೆ ಅರಳಿದ ಹೂವು, ಇನ್ನೂ ಕೆಳಗೆ ದಳ ಉದುರಿ ಬಾಯಿ ಮುಚ್ಚಿ ತಲೆ ತಗ್ಗಿಸಿದ ಹಸಿರು ಪುಷ್ಪಪಾತ್ರೆಗಳು. ಅಂಗೈಯನ್ನು ಅಡಿಗೆ ಹಿಡಿದು ಅಂಥದ್ದೊಂದನ್ನು ಬಿಡಿಸಿದರೆ ಒಳಗೆ ಒಟ್ಟಾಗಿ ಕೂತ ನಾಲ್ಕು ಪುಟ್ಟ ಕಾಯಿಗಳು ಕಾಣುತ್ತವೆ, ನಾವು ಬೀಜ ಎನ್ನುವುದು ಇವನ್ನೇ. ಎಳೆಯವು ಹಸಿರು, ಬಲಿತವು ಕಂದು, ಪೂರ್ತಿ ಮಾಗಿದವು ಕಪ್ಪು. ಕಪ್ಪಾದವು ಬೆರಳು ಸೋಕುವುದಕ್ಕೂ ಕಾಯುವುದಿಲ್ಲ, ಅಂಗೈಗೆ ಉದುರಿಬಿಡುತ್ತವೆ. ಗೊಂಚಲಿನ ತುದಿ ಅರಳುತ್ತಿರುವಾಗಲೇ ಬುಡ ಬಿತ್ತನೆ ಮುಗಿಸಿರುತ್ತದೆ. ಉದುರಿದ ಬೀಜವನ್ನು ಇರುವೆಗಳೂ ಹೊತ್ತೊಯ್ಯುತ್ತವೆ. ಬೀಜದ ಬುಡದಲ್ಲಿರುವ ಬಿಳಿಯ ತಿರುಳು ಅವುಗಳಿಗೆ ತಿನಿಸು. ನೆಟ್ಟ ಜಾಗದಿಂದ ದೂರದ ಕಲ್ಲು ಹಾಸಿನ ಸಂದಿಯಲ್ಲಿ ಸಸಿ ಎದ್ದರೆ ಅಚ್ಚರಿಪಡಬೇಕಿಲ್ಲ.

ಹಾಗಾಗಿ ನಾನು ಹೇಳುವುದಿಷ್ಟು: ಕ್ಯಾಲೆಂಡರ್ ನೋಡಬೇಡಿ, ಬೀಜದ ಬಣ್ಣ ನೋಡಿ. ಮುಂದಿನ ವರ್ಷ ಗಿಡ ಬೇಡವಾದರೆ ಮೊದಲ ಬೀಜ ಕಂದು ತಿರುಗುವ ಮುನ್ನವೇ ಗಿಡ ಕೀಳಬೇಕು, ಇನ್ನೂ ಹೂವಿದೆ ಎಂಬ ಮರುಕ ಬೇಡ. ಬೇಕಾದರೆ ಒಂದೇ ಒಂದು ಗಿಡವನ್ನು ನಿಮಗೆ ಒಪ್ಪುವ ಮೂಲೆಯಲ್ಲಿ ಬಿಟ್ಟು ಉಳಿದವನ್ನು ತೆಗೆಯಿರಿ. ಮುಂದಿನ ಪಾತಿಗೆ ಒಂದು ಗಿಡದ ಬೀಜವೇ ಹೆಚ್ಚು. ಬೀಜ ಬಲಿತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಮನೆ ಹಿತ್ತಲಿನ ಗುಂಡಿ ಬೀಜ ಸಾಯುವಷ್ಟು ಬಿಸಿಯಾಗುವುದು ಕಡಿಮೆ, ಆಮೇಲೆ ಗೊಬ್ಬರ ಹರಡಿದಲ್ಲೆಲ್ಲ ಬೋರೇಜ್ ಏಳುತ್ತದೆ.

ಸಸಿಯನ್ನು ಗುರುತಿಸುವುದು ಕಷ್ಟವಲ್ಲ. ಮೊದಲು ಬರುವ ಎರಡು ಬೀಜದೆಲೆಗಳು ದುಂಡಗೆ, ದಪ್ಪಗೆ ಇರುತ್ತವೆ. ನಡುವಿನಿಂದ ಸುಣೆಯ ನಿಜವಾದ ಎಲೆ ಹೊರಡುತ್ತದೆ. ಒಂದೆಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಆಗಷ್ಟೇ ಹೆಚ್ಚಿದ ಸೌತೆಕಾಯಿಯ ವಾಸನೆ. ಈ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲೆಂಡಿನ ತೋಟಗಳಲ್ಲಿ ಫಾಕ್ಸ್‌ಗ್ಲವ್ ಕೂಡ ಹೀಗೆಯೇ ತಾನಾಗಿ ಹುಟ್ಟುತ್ತದೆ, ಎಳೆಯದರಲ್ಲಿ ನೆಲಕ್ಕಂಟಿದ ಎಲೆಗಳ ಗುಚ್ಛವಾಗಿ ಬೋರೇಜನ್ನೇ ಹೋಲುತ್ತದೆ, ಮತ್ತು ಅದರ ಎಲೆ ಹೃದಯಕ್ಕೆ ವಿಷ. ಫಾಕ್ಸ್‌ಗ್ಲವ್ ಎಲೆ ಮುಟ್ಟಲು ಮೆತ್ತಗೆ, ಬೋರೇಜ್ ಒರಟು. ಹೂವು ಬರುವ ತನಕ ಎಲೆಯನ್ನು ಅಡುಗೆಮನೆಗೆ ಒಯ್ಯಬೇಡಿ ಎಂದು ಮಕ್ಕಳಿರುವ ಮನೆಗಳಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಸಸಿ ಎರಡೆಲೆ ಬಿಟ್ಟಾಗಲೇ ಎಣಿಸಿ ಉಳಿಸಿಕೊಳ್ಳಬೇಕು. ಸಣ್ಣ ಹಿತ್ತಲಿಗೆ ನಾಲ್ಕೈದು ಗಿಡ ಸಾಕು. ಒಂದಕ್ಕೊಂದು ಒಂದೂವರೆ ಅಡಿ ಅಂತರ. ಉಳಿದವನ್ನು ಬಿಸಿಲಿನ ದಿನ ಕಳೆಗುದ್ದಲಿಯಿಂದ ಮೇಲ್ಮೇಲೆ ಕೆರೆದರೆ ಅಲ್ಲೇ ಬಾಡಿ ಹೋಗುತ್ತವೆ. ಆಳಕ್ಕೆ ಅಗೆಯಬಾರದು. ಅಗೆದರೆ ಹೂತುಹೋದ ಬೀಜ ಮೇಲೆ ಬಂದು ಇನ್ನೊಂದು ತಂಡ ಹುಟ್ಟುತ್ತದೆ. ಸಸಿ ಬೇಡವೇ ಬೇಡ ಎನ್ನುವ ಕಡೆ ಎರಡು ಅಂಗುಲ ದಪ್ಪ ಕಾಂಪೋಸ್ಟ್ ಅಥವಾ ಮರದ ತೊಗಟೆಯ ಹೊದಿಕೆ ಹಾಕಿ. ಬೇರೆಡೆಗೆ ಕಿತ್ತು ನೆಡುವುದಾದರೂ ಈ ಎಳೆ ಹಂತದಲ್ಲೇ, ಸುತ್ತಲ ಮಣ್ಣಿನ ಸಮೇತ ತೆಗೆಯಬೇಕು. ತಾಯಿಬೇರು ನೇರ ಕೆಳಗಿಳಿದ ಮೇಲೆ ಮುಟ್ಟಿದರೆ ಗಿಡ ಚೇತರಿಸಿಕೊಳ್ಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಏಳುವ ಸಸಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಬಹುಪಾಲನ್ನು ಗಟ್ಟಿ ಹಿಮವೇ ಮುಗಿಸುತ್ತದೆ.

ಗೊಬ್ಬರ ಕೊಡುವ ಉಪಚಾರ ಬೇಡ. ಕೊಬ್ಬಿದ ಮಣ್ಣಿನಲ್ಲಿ ಎಲೆಯೇ ಹೆಚ್ಚಿ, ಟೊಳ್ಳು ದಂಟು ಒಂದು ಗಾಳಿಮಳೆಗೆ ಪಕ್ಕದ ಲೆಟ್ಯೂಸಿನ ಮೇಲೆ ಮಲಗುತ್ತದೆ. ನಡುಬೇಸಿಗೆಯಲ್ಲಿ ಅರ್ಧಕ್ಕೆ ಸವರಿದರೆ ಹೊಸ ಚಿಗುರು ಬಂದು ಮತ್ತೆ ಹೂ ಬಿಡುತ್ತದೆ. ಎಲ್ಲ ಗಿಡವನ್ನೂ ಒಟ್ಟಿಗೆ ಸವರಬೇಡಿ. ಬೆಳಗಿನಿಂದ ಸಂಜೆಯವರೆಗೆ ಜೇನ್ನೊಣ, ದುಂಬಿಗಳು ಈ ಹೂವಿಗೆ ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಅವುಗಳ ಮನೆಯನ್ನು ಒಂದೇ ದಿನ ಬರಿದು ಮಾಡುವುದು ನನಗೆ ಸರಿಕಾಣುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಸುಣೆ ಚರ್ಮಕ್ಕೆ ತಾಗಿದರೆ ತುರಿಕೆ.

ತಿನ್ನಬಹುದೇ? ಸ್ಪೇನಿನ ಅರಗಾನ್‌ನಲ್ಲಿ ದಂಟನ್ನು ಬೇಯಿಸಿ ಉಣ್ಣುತ್ತಾರೆ, ಇಟಲಿಯ ಲಿಗುರಿಯಾದಲ್ಲಿ ಎಲೆಯನ್ನು ಕಡುಬಿನಂಥ ತಿನಿಸಿನ ಹೂರಣಕ್ಕೆ ಬಳಸುತ್ತಾರೆ, ಫ್ರಾಂಕ್‌ಫರ್ಟ್‌ನ ಹಸಿರು ಸಾಸ್‌ಗೆ ಬೇಕಾದ 7 ಸೊಪ್ಪುಗಳಲ್ಲಿ ಇದೂ ಒಂದು. ಆದರೆ ಎಲೆಯಲ್ಲಿ ಯಕೃತ್ತಿಗೆ ಹಾನಿ ಮಾಡಬಲ್ಲ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ನಮ್ಮವರು ಸೊಪ್ಪೆಂದರೆ ದಿನವೂ ಕಟ್ಟುಗಟ್ಟಲೆ ಬೇಯಿಸುವವರು, ಇದನ್ನು ಹಾಗೆ ಬಳಸಬಾರದು. ಬಸುರಿಯರು, ಬಾಣಂತಿಯರು, ಯಕೃತ್ತಿನ ತೊಂದರೆ ಇರುವವರು ದೂರವಿಡುವುದೇ ಒಳ್ಳೆಯದು. ಪಾನಕದ ಮೇಲೆ ತೇಲಿಸಲು ನಾಲ್ಕು ಹೂವು ಕಿತ್ತುಕೊಂಡರೆ ನನ್ನ ಅಡ್ಡಿಯಿಲ್ಲ.

ಸಾಗರದ ಅಮ್ಮ ಈಗ ಪ್ರತಿ ಏಪ್ರಿಲ್‌ನಲ್ಲಿ ಮಗಳಿಗೆ ವಿಡಿಯೊ ಕರೆ ಮಾಡಿ ಪಾತಿ ತೋರಿಸು ಎನ್ನುತ್ತಾರೆ. ಐದು ಸಸಿ ಆರಿಸಿ, ಉಳಿದವನ್ನು ಕೆರೆದು ಹಾಕಿಸುತ್ತಾರೆ. ದೊಡ್ಡಪತ್ರೆಗೂ ದಾರಿಯಾಯಿತು: ಪರಿಚಯದ ಕನ್ನಡದ ಮನೆಯೊಂದರಿಂದ ಕಡ್ಡಿ ತಂದು ಕುಂಡದಲ್ಲಿ ನೆಟ್ಟೆವು. ಹಿಮ ಬೀಳುವ ಮೊದಲೇ ಅದನ್ನು ಅಡುಗೆಮನೆಯ ಕಿಟಕಿಯ ಒಳಗೆ ತಂದಿಡಬೇಕು.