ಸೋಲಾರ್ ಪ್ಯಾನೆಲ್‌ಗೆ 12 ವರ್ಷ ಆಯಿತು, ಬದಲಿಸಬೇಕಾ?

ಪ್ರಶ್ನೆ: ನಮ್ಮ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ 12 ವರ್ಷ ಆಯಿತು. ಮೊದಲು ಮಾರ್ಚ್ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಬರುತ್ತಿತ್ತು. ಈ ಮಾರ್ಚ್‌ನಲ್ಲಿ 8 ದಾಟಲಿಲ್ಲ. "ಪ್ಯಾನೆಲ್‌ಗೆ ವಯಸ್ಸಾಯಿತು, ಎಲ್ಲಾ ತೆಗೆದು ಹೊಸದು ಹಾಕಿ" ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಏನೂ ಬದಲಿಸಬೇಡಿ. ಮಾರ್ಚ್ ಲೆಕ್ಕವನ್ನು ಮಾರ್ಚ್ ಜೊತೆಗೇ ಹೋಲಿಸಿದ್ದೀರಿ, ಅದು ಒಳ್ಳೆಯದಾಯಿತು. ಎಷ್ಟೋ ಜನ ಜುಲೈ ಮೋಡದ ಬಿಲ್ ನೋಡಿ ಪ್ಯಾನೆಲ್ ಹಾಳಾಯಿತು ಅಂದುಕೊಳ್ಳುತ್ತಾರೆ.

ಹೊಸ ಪ್ಯಾನೆಲ್ ಮೊದಲ ವರ್ಷ ಶೇ 2–3ರಷ್ಟು ಕಳೆದುಕೊಳ್ಳುತ್ತದೆ. ಆಮೇಲೆ ವರ್ಷಕ್ಕೆ ಅರ್ಧ ಪರ್ಸೆಂಟ್ ಆಸುಪಾಸು. ನಮ್ಮಂಥ ಬಿಸಿಲಿಗೆ ಒಂದು ಪರ್ಸೆಂಟ್ ಅಂತಲೇ ಇಟ್ಟುಕೊಳ್ಳಿ. 12 ವರ್ಷಕ್ಕೆ ಹೆಚ್ಚೆಂದರೆ ಶೇ 14 ಹೋಗಬೇಕು. ಅಂದರೆ ಈಗಲೂ ಹತ್ತು ಯೂನಿಟ್ ದಾಟಬೇಕಿತ್ತು. ನಿಮಗೆ ಮೂರರಲ್ಲಿ ಒಂದು ಪಾಲೇ ಹೋಗಿದೆ. ಇದು ವಯಸ್ಸಿನ ಕೆಲಸವಲ್ಲ.

ಸ್ವಿಟ್ಜರ್ಲೆಂಡಿನ ಲುಗಾನೊ ಬಳಿ 1982ರಲ್ಲಿ 10 ಕಿಲೋವ್ಯಾಟ್‌ನ ಒಂದು ಸ್ಥಾವರ ಶುರುವಾಯಿತು. ಯುರೋಪಿನಲ್ಲಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಮೊದಲ ಸೋಲಾರ್ ಅದೇ. 35 ವರ್ಷ ಕಳೆದ ಮೇಲೆ ಅಲ್ಲಿನ ಪ್ಯಾನೆಲ್‌ಗಳನ್ನು ಪರೀಕ್ಷಿಸಿದರು. ಅರ್ಧಕ್ಕಿಂತ ಜಾಸ್ತಿ ಪ್ಯಾನೆಲ್‌ಗಳು ಶೇ 80ಕ್ಕಿಂತ ಹೆಚ್ಚು ಶಕ್ತಿ ಉಳಿಸಿಕೊಂಡಿದ್ದವು. ಉಳಿದವು ಸೊರಗಿದ್ದವು. ಎಲ್ಲವೂ ಒಂದೇ ಕಂಪನಿಯವು, ಒಂದೇ ಬಿಸಿಲು ಕಂಡವು. ವ್ಯತ್ಯಾಸ ಇದ್ದದ್ದು ಗಾಜಿಗೂ ಕರೆಂಟ್ ಮಾಡುವ ಸೆಲ್‌ಗೂ ನಡುವಿನ ಪ್ಲಾಸ್ಟಿಕ್ ಪದರದಲ್ಲಿ. ಅದನ್ನು ಬೇರೆ ಬೇರೆ ಕಡೆಯಿಂದ ತರಿಸಿದ್ದರು. ಸೆಲ್ಲಿನ ಸಿಲಿಕಾನ್ ಅಷ್ಟು ಸುಲಭಕ್ಕೆ ಮುದಿಯಾಗುವುದಿಲ್ಲ. ಅದನ್ನು ಸುತ್ತಿದ ಪ್ಲಾಸ್ಟಿಕ್, ಬೆಸುಗೆ, ಹಿಂಬದಿಯ ಹಾಳೆ ಮೊದಲು ಹೋಗುತ್ತವೆ. ಲುಗಾನೊ ತಂಪು ಊರು, ನಿಜ. ನಮ್ಮ ಕಲಬುರಗಿ, ಬಳ್ಳಾರಿ ತಾರಸಿಯಲ್ಲಿ ಪ್ಯಾನೆಲ್ 65 ಡಿಗ್ರಿಗೆ ಕಾಯುತ್ತದೆ. ಅದಕ್ಕೇ ಮೇಲಿನ ಲೆಕ್ಕದಲ್ಲಿ ಒಂದು ಪರ್ಸೆಂಟ್ ಹಿಡಿದದ್ದು.

ಹಾಗಾದರೆ ನಿಮ್ಮ ಯೂನಿಟ್ ಎಲ್ಲಿ ಹೋಯಿತು? ಮೊದಲು ತಲೆ ಎತ್ತಿ ನೋಡಿ. 12 ವರ್ಷದಲ್ಲಿ ಪಕ್ಕದ ತೆಂಗಿನ ಮರ ಎಷ್ಟು ಬೆಳೆದಿದೆ? ಪಕ್ಕದ ಮನೆಯವರು ಇನ್ನೊಂದು ಮಹಡಿ ಎತ್ತಿದ್ದಾರಾ? ಪ್ಯಾನೆಲ್ಲಿನ ಸೆಲ್‌ಗಳು ಮೂರು ಗುಂಪಾಗಿ, ಒಂದರ ಹಿಂದೆ ಒಂದು ಜೋಡಿಸಿರುತ್ತವೆ. ಒಂದು ಗರಿಯ ನೆರಳು ಒಂದೇ ಸೆಲ್ ಮೇಲೆ ಬಿದ್ದರೂ ಆ ಗುಂಪು ಪೂರ್ತಿ ಕೈಕೊಡುತ್ತದೆ, ಅಂದರೆ ಪ್ಯಾನೆಲ್ಲಿನ ಮೂರರಲ್ಲಿ ಒಂದು ಪಾಲು.

ಆಮೇಲೆ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ. ನನಗೆ ಅನುಮಾನ ಜಾಸ್ತಿ ಇರುವುದು ಇದರ ಮೇಲೇ. ಪ್ಯಾನೆಲ್ 25 ವರ್ಷ ಬಂದರೂ ಇನ್ವರ್ಟರ್ ಸಾಮಾನ್ಯವಾಗಿ 8–12 ವರ್ಷಕ್ಕೆ ಸುಸ್ತಾಗುತ್ತದೆ. ಇನ್ನೂ ಒಂದು ವಿಷಯವಿದೆ: ಮಧ್ಯಾಹ್ನ ಲೈನ್ ವೋಲ್ಟೇಜ್ ಮಿತಿ ಮೀರಿದರೆ ಇನ್ವರ್ಟರ್ ತಾನಾಗಿಯೇ ಆಫ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರು. ನೀವು ಆಫೀಸಿನಲ್ಲಿ ಇರುತ್ತೀರಿ, ಗೊತ್ತೇ ಆಗುವುದಿಲ್ಲ ಅಲ್ವಾ? ಒಂದು ಭಾನುವಾರ ಹನ್ನೊಂದರಿಂದ ಎರಡರವರೆಗೆ ಅದರ ಮುಂದೆ ಕೂತು ನೋಡಿ.

ಧೂಳಂತೂ ಇದ್ದೇ ಇದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಗಾಜು ತಣ್ಣಗಿರುವಾಗ ತೊಳೆಯಿರಿ. ಬೋರ್‌ವೆಲ್ ನೀರು ಹಾಕಿ ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ. ತೊಳೆಯಲು ಪ್ಯಾನೆಲ್ ಮೇಲೆ ಹತ್ತಿ ನಿಲ್ಲುವವರನ್ನು ನೋಡಿದರೆ ನನಗೆ ಎದೆ ಧಸಕ್ ಎನ್ನುತ್ತದೆ. ಗಾಜು ಒಡೆಯದಿದ್ದರೂ ಒಳಗಿನ ಸೆಲ್‌ನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ.

ಇಷ್ಟೆಲ್ಲಾ ನೋಡಿಯೂ ಕಾರಣ ಸಿಗದಿದ್ದರೆ, ಇನ್ವರ್ಟರ್ ಓಡುವ ಹೊತ್ತಿನಲ್ಲಿ ಥರ್ಮಲ್ ಕ್ಯಾಮೆರಾದಲ್ಲಿ ನೋಡುವವರನ್ನು ಕರೆಸಿ. ಕೆಟ್ಟ ಜಾಗ ಬೇರೆ ಕಡೆಗಿಂತ ಬಿಸಿಯಾಗಿ ಎದ್ದು ಕಾಣುತ್ತದೆ. ಗಾಜು ಒಡೆದ, ಹಿಂದಿನ ಹಾಳೆ ಸೀಳಿದ, ಸುಟ್ಟ ಗುರುತಿರುವ ಪ್ಯಾನೆಲ್‌ಗಳನ್ನು ಮಾತ್ರ ತೆಗೆಸಬೇಕು. ಅಂಥದ್ದನ್ನು ನೀವೇ ಮುಟ್ಟಬೇಡಿ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನೆಲ್ ಸಾಲಿನ ವೈರಿನಲ್ಲಿ ನೂರಾರು ವೋಲ್ಟ್ ಇರುತ್ತದೆ.

"ಎಲ್ಲಾ ಬದಲಿಸಿ" ಎಂದವರ ಮಾತಿನಲ್ಲೂ ಸ್ವಲ್ಪ ನಿಜವಿದೆ. ನಿಮ್ಮದು ಬಹುಶಃ 250 ವ್ಯಾಟ್ ಪ್ಯಾನೆಲ್. ಈಗ ಬರುವುದು 500 ವ್ಯಾಟ್ ದಾಟಿದವು, ಅಳತೆಯೂ ಕರೆಂಟೂ ಬೇರೆ. ಹಳೆಯ ಸಾಲಿನ ಮಧ್ಯೆ ಒಂದು ಹೊಸದನ್ನು ಸೇರಿಸಿದರೆ ಹೊಂದುವುದಿಲ್ಲ. ಆದ್ದರಿಂದ ಅದೇ ವ್ಯಾಟಿನ ಸೆಕೆಂಡ್ ಹ್ಯಾಂಡ್ ಪ್ಯಾನೆಲ್ ಹುಡುಕಿ. ಸಿಗದಿದ್ದರೆ, ಇನ್ವರ್ಟರ್ ಒಪ್ಪುವಂತಿದ್ದರೆ, ಕೆಟ್ಟದ್ದನ್ನು ತೆಗೆದು ಉಳಿದ ಸಾಲನ್ನು ಹಾಗೇ ಓಡಿಸಿ.

ಇನ್ನೊಂದು ಮಾತು. ರಾಜ್ಯದಲ್ಲಿ 2013ರ ಆದೇಶದ ಪ್ರಕಾರ ಸಬ್ಸಿಡಿ ಪಡೆಯದ ತಾರಸಿ ಸೋಲಾರ್‌ನಿಂದ ಎಸ್ಕಾಂಗೆ ಕೊಡುವ ಕರೆಂಟಿಗೆ ಯೂನಿಟ್‌ಗೆ 9.56 ರೂಪಾಯಿ ದರ ಇತ್ತು. ನಿಮ್ಮ ಒಪ್ಪಂದ ಆ ಕಾಲದ್ದೇ ಇರಬಹುದು. ಆ ಕಾಗದ ಹುಡುಕಿ ತೆಗೆದು, ಪ್ಯಾನೆಲ್ ಬದಲಿಸಿದರೆ ಹಳೆಯ ದರ ಉಳಿಯುತ್ತದಾ ಎಂದು ಎಸ್ಕಾಂ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಕೆಲಸದವರು ತಾರಸಿಯ ಮೇಲೆ ಸ್ಪ್ಯಾನರ್ ಹಿಡಿಯಲಿ.