ಪ್ರೀತಿಯಿದ್ದರೂ ಬೈಗುಳ ಬೈಗುಳವೇ

‘ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಗುತ್ತಾ ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ.’ ಈ ಗಾದೆಯನ್ನು ನಂಬಿಯೇ ಎಷ್ಟೋ ಅಪ್ಪ–ಅಮ್ಮಂದಿರು ಮಕ್ಕಳನ್ನು ಬೆಳೆಸುತ್ತಾರೆ. ‘ಕೂಳಿಗೆ ದಂಡ, ಭೂಮಿಗೆ ಭಾರ’ ಎಂದು ಬೈದ ತಾಯಿಯೇ ಅರ್ಧ ಗಂಟೆ ಬಿಟ್ಟು ಬಿಸಿ ಅನ್ನಕ್ಕೆ ತುಪ್ಪ ಬಡಿಸುತ್ತಾಳೆ. ಒಳಗೆ ಪ್ರೀತಿ ಇದೆಯಲ್ಲ, ಮಗುವಿಗೆ ಅದು ಗೊತ್ತಾಗುವುದಿಲ್ಲವೇ ಎನ್ನುವುದು ನಮ್ಮ ಸಮಾಧಾನ.

ಈ ಸಮಾಧಾನವನ್ನೇ ಪರೀಕ್ಷಿಸಿದ ಅಧ್ಯಯನವೊಂದಿದೆ. ಅಮೆರಿಕದ ಮಿಂಗ್‌-ಟೆ ವಾಂಗ್ ಮತ್ತು ಸಾರಾ ಕೆನ್ನಿ ಪೆನ್ಸಿಲ್ವೇನಿಯಾದ 976 ಕುಟುಂಬಗಳನ್ನು ಗಮನಿಸಿ 2014ರಲ್ಲಿ ಅದನ್ನು ಪ್ರಕಟಿಸಿದರು. 13ನೇ ವಯಸ್ಸಿನಲ್ಲಿ ಮನೆಯವರಿಂದ ಕೂಗಾಟ, ಹೀಯಾಳಿಕೆ, ‘ದಡ್ಡ’, ‘ಸೋಮಾರಿ’ ಎಂಬ ಮಾತು ಕೇಳಿದ ಮಕ್ಕಳಲ್ಲಿ ಮುಂದಿನ ವರ್ಷದ ಹೊತ್ತಿಗೆ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು. ಸುಳ್ಳು, ಶಾಲೆಯಲ್ಲಿ ಜಗಳದಂಥ ನಡತೆಯೂ ಹೆಚ್ಚಿತ್ತು. ಅಪ್ಪ–ಅಮ್ಮ ಮಗುವಿನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ, ಮಗುವಿಗೂ ಅವರೊಡನೆ ಸಲಿಗೆಯಿದ್ದ ಮನೆಗಳಲ್ಲಾದರೂ ಪೆಟ್ಟು ಹಗುರಾಗಬೇಕಿತ್ತಲ್ಲವೇ? ಆಗಲಿಲ್ಲ. ನನ್ನ ಮಟ್ಟಿಗೆ ಈ ಅಧ್ಯಯನದ ಅತಿ ಮುಖ್ಯ ಮಾತು ಇದೇ. ಇನ್ನೂ ಒಂದಿದೆ: ಮಗು ಹಾದಿ ತಪ್ಪಿದಷ್ಟೂ ಹೆತ್ತವರ ಬೈಗುಳ ಏರಿತು. ತಿದ್ದಲೆಂದು ಬೈದದ್ದು ತಪ್ಪನ್ನು ಹೆಚ್ಚಿಸಿತು, ತಪ್ಪು ಮತ್ತಷ್ಟು ಬೈಗುಳಕ್ಕೆ ಕಾರಣವಾಯಿತು.

ಹಾರ್ವರ್ಡ್‌ನ ಮಾರ್ಟಿನ್ ಟೈಶರ್ ತಂಡ ಬೈಗುಳದ ಗುರುತನ್ನು ಮೆದುಳಿನಲ್ಲಿ ಹುಡುಕಿತು. ಬಾಲ್ಯದಲ್ಲಿ ಹೆತ್ತವರ ನಿಂದನೆಯನ್ನು ವಿಪರೀತ ಕಂಡ, ಆದರೆ ಬೇರೆ ಬಗೆಯ ದೌರ್ಜನ್ಯಕ್ಕೆ ಸಿಕ್ಕದ ಯುವಜನರ ಮೆದುಳಿನ ಸ್ಕ್ಯಾನ್‌ಗಳಲ್ಲಿ, ಮಾತನ್ನು ಗ್ರಹಿಸುವ ಭಾಗವನ್ನೂ ಮಾತನ್ನು ಹುಟ್ಟಿಸುವ ಭಾಗವನ್ನೂ ಬೆಸೆಯುವ ನರತಂತುಗಳ ರಚನೆಯಲ್ಲಿ ವ್ಯತ್ಯಾಸ ಕಂಡಿತು. 2009ರ ಈ ಅಧ್ಯಯನ ಚಿಕ್ಕದು, ಬೈಗುಳದಿಂದಲೇ ಹೀಗಾಯಿತೆಂದು ಅದೊಂದರಿಂದ ತೀರ್ಮಾನಿಸಲಾಗದು.

ಹಾಗಾದರೆ ಮಕ್ಕಳ ತಪ್ಪನ್ನು ತೋರಿಸಲೇಬಾರದೇ? 1999ರಲ್ಲಿ ಮೆಲಿಸ್ಸಾ ಕ್ಯಾಮಿನ್ಸ್ ಮತ್ತು ಕ್ಯಾರಲ್ ಡ್ವೆಕ್ ಐದಾರು ವರ್ಷದ ಮಕ್ಕಳೊಡನೆ ಗೊಂಬೆಯಾಟದ ಮೂಲಕ ಒಂದು ಪ್ರಯೋಗ ನಡೆಸಿದರು. ಆಟದಲ್ಲಿ ಮಗು ಮಾಡಿದ ಕೆಲಸ ಕೆಡುತ್ತದೆ, ಟೀಚರ್ ಗೊಂಬೆ ಏನಾದರೊಂದು ಹೇಳುತ್ತದೆ. ‘ನಿನ್ನಿಂದ ನನಗೆ ತುಂಬ ಬೇಸರವಾಯಿತು’ ಎಂಬಂಥ, ಮಗುವನ್ನೇ ದೂರುವ ಮಾತು ಕೇಳಿದವರು ಮುಂದಿನ ಸೋಲಿಗೆ ಬೇಗ ಕೈಚೆಲ್ಲಿದರು, ತಾವೇ ಸರಿಯಿಲ್ಲ ಎಂದುಕೊಂಡರು. ‘ಬೇರೆ ರೀತಿಯಲ್ಲಿ ಮಾಡಬಹುದೇನೋ ಯೋಚಿಸು’ ಎನ್ನಿಸಿಕೊಂಡವರೂ ಅದೇ ತಪ್ಪು ಮಾಡಿದ್ದರು. ಅವರು ಮತ್ತೆ ಪ್ರಯತ್ನಿಸಲು ಹೆಚ್ಚು ಮನಸ್ಸು ಮಾಡಿದರು.